ಹೆಂಡತಿಯ ಗ್ಯಾಲಕ್ಸಿಗೆ ನನ್ನದೊಂದು ಪ್ರಶ್ನೆ

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಬೇಕು. ನೆರೆಯವನ ಹೊಸ ಕಾರು ನೋಡಿ ಉರಿದುಕೊಂಡರೆ ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ಸಲುವಾಗಿ ಸ್ವಂತ ಹೆಂಡತಿಯ ಮೇಲೆ ಉರಿದುಕೊಂಡವನು ಯಾರಿಗೆ ಹೇಳಬೇಕು? ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾನು ಗೋಕಾಕದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುವವನು. ಹೆಂಡತಿ ಸುವರ್ಣಾ ದಿನಾಲೂ ಬಸ್ಸು ಹಿಡಿದು ಹುಕ್ಕೇರಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಎರಡು ವರ್ಷದ ಹಿಂದೆ ಖಗೋಳಶಾಸ್ತ್ರದ ಬೇಸಿಗೆ ತರಬೇತಿಗೆ ಹೋದವಳು ಅಲ್ಲಿನ ವಿಜ್ಞಾನಿಗಳ ಗುಂಪಿಗೆ ಸೇರಿಕೊಂಡಳು. ಅವರು ದೂರದರ್ಶಕದ ಅಳತೆಗಳನ್ನು ಕಳಿಸುತ್ತಾರೆ. ಇವಳು ಗ್ರಾಫು ಬಿಡಿಸಿ ಬೆಳಕಿನ ಏರಿಳಿತ ಹುಡುಕುತ್ತಾಳೆ. ರವಿವಾರ ಊಟಕ್ಕೆ ಕರೆದರೆ, "ತಡೀರಿ, ನನ್ನ ಗ್ಯಾಲಕ್ಸಿ ನಾಕ ತಾಸಿನ್ಯಾಗ ಮಂಕ ಆಗೇತಿ" ಅನ್ನುತ್ತಾಳೆ. ನನ್ನ ಗ್ಯಾಲಕ್ಸಿಯಂತೆ! ಇಷ್ಟು ವರ್ಷ ಪಾಠ ಹೇಳಿಯೂ ಪ್ರಯೋಗಾಲಯದ ಒಂದು ಲೋಲಕವನ್ನಾದರೂ ನಾನು ನನ್ನದು ಅಂದವನಲ್ಲ.

ಒಂದು ದಿನ ಮೂಡಲಗಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದ ನದಾಫ್ ಸರ್ ನನಗೇ ಫೋನು ಮಾಡಿದರು. "ಸರ್, ನಮ್ಮ ಸಾಲ್ಯಾಗ ಒಂದು ಭಾಷಣ ಆಗಬೇಕಿತ್ರಿ."

ನಾನು ಗಂಟಲು ಸರಿಮಾಡಿಕೊಂಡೆ. "ಅಗದಿ ಬರ್ತೇನ್ರಿ. ವಿಷಯ ಯಾವುದ್ರಿ?"

"ಗ್ಯಾಲಕ್ಸಿ ಬೆಳಕಿನ ವಿಷಯರಿ. ಮೇಡಂ ಅವರ ಫೋನ್ ಹತ್ತವಲ್ದು, ಅದಕ್ಕ ನಿಮಗ ಹಚ್ಚಿದೆ."

ಹೀಗೆ ನಾನು ಮೂಡಲಗಿಗೆ ಬೈಕು ಓಡಿಸುವವನಾಗಿ ಹೋದೆ. ಕೊನೆಯ ಸಾಲಿನಲ್ಲಿ ಕೂತೆ. ಸುವರ್ಣಾ ಮಕ್ಕಳಿಗೆ ಹೇಳುತ್ತಿದ್ದಳು: ಕೆಲವು ಗ್ಯಾಲಕ್ಸಿಗಳ ನಟ್ಟನಡುವೆ ದೈತ್ಯ ಕಪ್ಪುಕುಳಿ ಇರುತ್ತದೆ, ಅದರ ಸುತ್ತಲಿಂದ ಬರುವ ಬೆಳಕೂ ರೇಡಿಯೊ ಅಲೆಗಳೂ ಗಂಟೆಗಳಲ್ಲಿ ಏರಿ ಇಳಿಯುತ್ತವೆ, ಅಷ್ಟು ಬೇಗ ಬದಲಾಗಬೇಕಾದರೆ ಬೆಳಕು ಹೊರಡುವ ಜಾಗ ಗ್ಯಾಲಕ್ಸಿಗೆ ಹೋಲಿಸಿದರೆ ಬಹಳ ಸಣ್ಣದಿರಬೇಕು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ನನ್ನ ಪಾಠಕ್ಕೂ ಹುಡುಗರು ಬಾಯಿ ತೆರೆಯುತ್ತಾರೆ, ಆಕಳಿಸಲು. ತಡೆಯಲಾಗಲಿಲ್ಲ. ಅವಳನ್ನು ಒಮ್ಮೆಯಾದರೂ ಸಿಕ್ಕಿಸಬೇಕೆಂದು ಎದ್ದು ನಿಂತೆ.

"ಮೇಡಂ, ನಮ್ಮ ಗಾಳಿಯಿಂದ ನಕ್ಷತ್ರ ಮಿನುಗತಾವು. ಹಂಗ ರೇಡಿಯೊ ಏರಿಳಿತನೂ ನಡುವಿನ ಯಾವುದರದೋ ಆಟ ಇರಬಾರದ್ಯಾಕ?"

ಅವಳ ಮುಖ ಅರಳಿತು. "ಭಾಳ ಚಲೋ ಪ್ರಶ್ನೆರಿ. ನಡುವಿನ ತೆಳು ಅನಿಲ ರೇಡಿಯೊ ಅಲೆಗಳನ್ನ ಮಿನುಗಸಬಹುದು. ಆದರ ಕಣ್ಣಿಗೆ ಕಾಣೂ ಬೆಳಕಿನ ಮ್ಯಾಲೆ ಅದರ ಆಟ ನಡ್ಯಾಂಗಿಲ್ಲ. ಎರಡೂ ಒಟ್ಟಿಗೆ ಏರಿ ಇಳಿದ್ರ, ಬದಲಾಗಾಕತ್ತಿದ್ದು ಗ್ಯಾಲಕ್ಸಿನೇ ಅಂತ ತಿಳೀಬೇಕು. ಅದಕ್ಕ ಎರಡನ್ನೂ ನೋಡತೀವಿ."

ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ.

ವಾಪಸು ಬರುವಾಗ ಬೈಕಿನ ಹಿಂದಿನಿಂದ ಕೇಳಿದಳು: "ಖರೇ ಹೇಳ್ರಿ, ಬೇಕಂತ ಕೇಳಿದ್ರಿ ಹೌದಲ್ಲ?" ನಾನು ಖಾಲಿ ರಸ್ತೆಯಲ್ಲಿ ಹಾರ್ನು ಹೊಡೆದೆ. ಅವಳೇ ಮುಂದುವರಿಸಿದಳು: "ಅದನ್ನ ಹೇಳೂದು ಮರತಿದ್ದೆ. ನೀವು ನೆನಪ ಮಾಡಿದ್ರಿ. ಬರೂ ವಾರ ಹತ್ತರಗ್ಯಾಗ ಭಾಷಣ ಐತಿ, ಅಲ್ಲೂ ಕೇಳ್ರಿ."

"ಅದಕ್ಕೇ ಕೇಳಿದ್ದು" ಎಂದೆ, ನಾಚಿಕೆಯಿಲ್ಲದೆ.

ಹತ್ತರಗಿಯಲ್ಲಿ ಕೇಳಿದೆ. ಕೊಣ್ಣೂರಿನಲ್ಲೂ ಕೇಳಿದೆ. ಮೊನ್ನೆ ಘೋಡಗೇರಿಯಲ್ಲಿ ಕೇಳಿ ಕೂತಾಗ, ಅಲ್ಲಿಗೂ ಬಂದಿದ್ದ ನದಾಫ್ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು ಮರುಕದಿಂದ ಅಂದರು: "ಇನ್ನೂ ತಿಳಿದಿಲ್ಲೇನ್ರಿ ಸರ್? ಮನ್ಯಾಗ ಮೇಡಂ ಅದಾರಲ್ರಿ, ಪುರಸೊತ್ತಿಲೆ ಕೇಳಿ ತಿಳಕೋರಿ."