ಹತ್ತು ನಿಮಿಷ ಹಿಂದಿರುಗಿಸುವಂತೆ ನಡುಮನೆಯ ಗಡಿಯಾರಕ್ಕೊಂದು ಮನವಿ

ನಡುಮನೆಯ ಗೋಡೆಯ ಮೇಲೆ, ಸ್ಟೂಲು ಹಾಕಿ ಹತ್ತಿದರಷ್ಟೇ ಕೈಗೆ ಸಿಗುವ ಎತ್ತರದಲ್ಲಿ ವಿರಾಜಮಾನರಾಗಿರುವ ಶ್ರೀ ಗಡಿಯಾರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಇದೇ ಮನೆಯ ಅಳಿಯನೂ, ತಮ್ಮನ್ನು ಅಂಗಡಿಯಿಂದ ಹಸುಗೂಸಿನಂತೆ ಎದೆಗವಚಿಕೊಂಡು ತಂದವನೂ ಆದ ನಾನು ಮಾಡುವ ಅನಂತ ನಮಸ್ಕಾರಗಳು. ತಮ್ಮ ಮೇಲಿನ ದೂರನ್ನು ಕಂಪನಿಗೆ ಕೊಡಲು ಹೋದಾಗ, ದೂರುಗಳನ್ನೂ ತಮ್ಮ ಮೂಲಕವೇ ಸಲ್ಲಿಸಬೇಕೆಂಬ ನಿಯಮವಿದೆಯೆಂದು ತಿಳಿದುಬಂತು. ಕಳ್ಳನ ಕೈಗೇ ಕೀಲಿಕೈ ಕೊಟ್ಟ ಆ ಮಹಾನುಭಾವರಿಗೆ ವಂದಿಸಿ, ಈ ಪತ್ರವನ್ನು ತಮ್ಮ ಎದುರಿನ ಗೋಡೆಗೆ ಅಂಟಿಸುತ್ತಿದ್ದೇನೆ. ಬಂದುಹೋಗುವ ನೆಂಟರೂ ಓದಿಕೊಂಡರೆ ನನ್ನ ಅಭ್ಯಂತರವಿಲ್ಲ.

ಮೊದಲು ತಮ್ಮ ರೂಪದ ಬಗ್ಗೆ ಎರಡು ಮಾತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆ ಕೇಳಿಕೊಂಡು ಬೆಳೆದ ನಮಗೆ, ಒಳಗೆ ಥಳಕು ತುಂಬಿಕೊಂಡು ಮೇಲೆ ಹುಳುಕನ್ನು ಬಣ್ಣದಲ್ಲಿ ಬರೆಸಿಕೊಂಡಿರುವ ತಮ್ಮಂಥವರನ್ನು ಕಂಡು ಮೈ ನವಿರೇಳಿತು. ತಮ್ಮ ಎಡಮೂಲೆಯ ಜೇಡರ ಬಲೆ ತಾವು ಹಳೆಯ ಕಾಲದವರಂತೆ ಕಾಣಲೆಂದು ಕಾರ್ಖಾನೆಯಲ್ಲೇ ಬರೆದದ್ದೆಂದು ಅರಿಯದ ಅತ್ತೆಯವರು ಅದನ್ನು ಪೊರಕೆಯಿಂದ ಹೊಡೆದು, ಒದ್ದೆಬಟ್ಟೆಯಿಂದ ಉಜ್ಜಿ, ಕೊನೆಗೆ ಉಗುರಿನಿಂದ ಕೆರೆದು ಸೋತರು. ಅವರ ಕೈಯಿಂದ ಬದುಕಿ ಉಳಿದ ಮೊದಲ ಜೇಡ ತಮ್ಮದು. ತಮ್ಮ ಪೆಂಡುಲಂ ತೂಗುವುದು ಶೋಭೆಗೆ, ಟಿಕ್ ಟಿಕ್ ಬರುವುದು ಸ್ಪೀಕರಿನಿಂದ. ತಮ್ಮ ಕೀ ಎಷ್ಟು ತಿರುಗಿಸಿದರೂ ಬಿಗಿಯಾಗದು, ಕಿರ್ರೆಂಬ ಸದ್ದನ್ನು ಮಾತ್ರ ಬಹಳ ನಿಷ್ಠೆಯಿಂದ ಮಾಡುತ್ತದೆ. ನಿಜವಾದ ಸಮಯವನ್ನು ತಾವು ಆಕಾಶದಲ್ಲಿರುವ ಯಾವುದೋ ಉಪಗ್ರಹದಿಂದ ನೇರವಾಗಿ ತರಿಸಿಕೊಳ್ಳುತ್ತೀರಂತೆ. ನಮ್ಮ ಮನೆಗೆ ಹಾಲೂ ಅಷ್ಟು ನೇರವಾಗಿ ಬರುವುದಿಲ್ಲ.

ತೊಂದರೆ ಶುರುವಾದದ್ದು ಈ ನಿಜವಾದ ಸಮಯದಿಂದಲೇ. ತಮಗಿಂತ ಮೊದಲು ಇದೇ ಮೊಳೆಗೆ ತೂಗುಬಿದ್ದಿದ್ದ ಹಳೆಯ ಗಡಿಯಾರವನ್ನು ಅತ್ತೆಯವರು ಸದಾ ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದರು. ಪ್ರತಿ ಭಾನುವಾರ ಸ್ಟೂಲು ಹತ್ತಿ, ಕೀ ಕೊಟ್ಟು, ಆ ಹತ್ತು ನಿಮಿಷ ಎಲ್ಲಾದರೂ ಸೋರಿಹೋಗಿದ್ದರೆ ಮುಳ್ಳನ್ನು ಬೆರಳಿನಿಂದ ತಳ್ಳಿ ಭರ್ತಿ ಮಾಡಿ, ಕೆಳಗಿಳಿದು ನಮ್ಮೆಲ್ಲರನ್ನೂ ಒಮ್ಮೆ ನೋಡುತ್ತಿದ್ದರು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಹೆಂಡತಿ ಮನಸ್ಸಿನಲ್ಲೇ ಐದು ಕಳೆಯುತ್ತಿದ್ದಳು, ಭಾವಮೈದ ಹತ್ತು ಕಳೆಯುತ್ತಿದ್ದ, ಹುಟ್ಟು ಸೋಮಾರಿಯಾದ ನಾನು ಹದಿನೈದು ಕಳೆದು ಆಮೇಲೆ ಓಡುತ್ತಿದ್ದೆ. ಹೀಗೆ ಒಂದೇ ಸುಳ್ಳಿನಲ್ಲಿ ನಾಲ್ಕು ಜನ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿದ್ದೆವು. ಅತ್ತೆಯವರು ಈ ವಯಸ್ಸಿನಲ್ಲಿ ಸ್ಟೂಲು ಹತ್ತುವುದನ್ನು ನೋಡಲಾಗದೆ, ಅವರನ್ನೊಂದು ಮಾತೂ ಕೇಳದೆ, ಹಳೆಯದನ್ನು ಅಂಗಡಿಗೆ ಕೊಟ್ಟು ತಮ್ಮನ್ನು ಕರೆತಂದವನು ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡ ಎಂದು ಹಿರಿಯರು ಹೇಳಿದ್ದು ನನ್ನಂಥವನನ್ನು ನೋಡಿಯೇ ಇರಬೇಕು.

ತಾವು ಬಂದ ಮೇಲೆ ಸಮಯ ಸರಿಯಾಯಿತು, ನಾವೆಲ್ಲ ತಡವಾದೆವು. ಕಳೆಯುವ ಅಭ್ಯಾಸ ಬಿಡದ ಭಾವಮೈದ ದಿನವೂ ಬಸ್ಸಿನ ಬೆನ್ನನ್ನಷ್ಟೇ ನೋಡತೊಡಗಿದ. ಇದನ್ನು ಕಂಡ ಅತ್ತೆಯವರು ಸ್ಟೂಲು ಹತ್ತಿ ತಮ್ಮ ದೊಡ್ಡ ಮುಳ್ಳನ್ನು ಮುಂದಕ್ಕೆ ತಳ್ಳಿದರು. ಅವರು ಇಳಿದು ಅಡುಗೆಮನೆಯ ಹೊಸ್ತಿಲು ದಾಟುವಷ್ಟರಲ್ಲಿ ತಾವು ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಹಳೆಯ ರೇಡಿಯೊದ ಗಂಭೀರ ದನಿಯಲ್ಲಿ ‘ತಮಗೆ ಸಹಾಯ ಬೇಕೇ?’ ಎಂದು ವಿಚಾರಿಸಿದಿರಿ. ‘ಸಹಾಯ ಬೇಕಾಗಿರೋದು ನಿಂಗೆ ಕಣಪ್ಪ’ ಎಂದು ಅವರು ಮತ್ತೆ ಹತ್ತಿದರು, ತಳ್ಳಿದರು, ಈ ಸಲ ಕೀಯನ್ನೂ ಹಲ್ಲು ಕಚ್ಚಿ ತಿರುಗಿಸಿದರು. ವಾರಕ್ಕೊಮ್ಮೆ ಹತ್ತುತ್ತಿದ್ದವರು ಈಗ ಸ್ಟೂಲಿನಿಂದ ಇಳಿಯುವುದೇ ಅಪರೂಪವಾಗಿದೆ. ಈ ಮನೆಯಲ್ಲಿ ಅವರ ಮಾತನ್ನು ಎದುರಿಗೇ ಮೀರಿದ ಮೊದಲಿಗರು ತಾವೆಂದು ಒಳಗೊಳಗೇ ಮೆಚ್ಚಿಕೊಂಡಿದ್ದೆ; ಆದರೆ ತಮ್ಮ ಮೇಲಿನ ಸಿಟ್ಟಿಗೆ ಅವರು ಮಾತು ಬಿಟ್ಟದ್ದು ನನ್ನೊಡನೆ. ನಾನು ಎದುರಿಗೇ ಕೂತಿದ್ದರೂ ‘ಸಕ್ಕರೆ ಸಾಕಾ ಅಂತ ನಿನ್ನ ಗಂಡನ್ನ ಕೇಳು’ ಎಂದು ಮಗಳಿಗೆ ಹೇಳುತ್ತಾರೆ. ಮಾನ್ಯರೇ, ತಮಾಷೆ ಹಾಗಿರಲಿ, ಇದರಿಂದ ನನಗೆ ತುಂಬ ನೋವಾಗಿದೆ.

ತಮ್ಮನ್ನು ಹಿಂದಿರುಗಿಸಿ ಹಳೆಯದನ್ನು ಬಿಡಿಸಿಕೊಂಡು ಬರೋಣವೆಂದು ಕಂಪನಿಗೆ ಫೋನು ಮಾಡಿದಾಗ ತಮ್ಮ ಕೀಯ ಮಹಿಮೆ ಗೊತ್ತಾಯಿತು. ಅದನ್ನು ಒಂದು ಸುತ್ತು ತಿರುಗಿಸಿದರೆ ‘ಗ್ರಾಹಕರು ಸಂತೃಪ್ತರು’ ಎಂಬ ಸಂದೇಶ ಐದು ನಕ್ಷತ್ರಗಳ ಸಮೇತ ಕಂಪನಿಗೆ ಹೋಗುತ್ತದಂತೆ. ಅಸಂತೃಪ್ತರಿಂದ ಮಾತ್ರ ಸರಕು ವಾಪಸು ಪಡೆಯುವುದು ಅವರ ನಿಯಮ. ಅತ್ತೆಯವರಷ್ಟು ಸಂತೃಪ್ತಿಗೊಂಡ ಜೀವವನ್ನು ಅವರು ಕಂಡೇ ಇಲ್ಲವಂತೆ. ಕಂಪನಿಯಿಂದ ಟೈ ಕಟ್ಟಿದವರೊಬ್ಬರು ಹೂಗುಚ್ಛ ಹಿಡಿದು ಬಂದು, ಸ್ಟೂಲಿನ ಮೇಲೆ ಕೆಂಗಣ್ಣು ಬಿಟ್ಟು ನಿಂತಿದ್ದ ಅತ್ತೆಯವರ ಫೋಟೊ ತೆಗೆದುಕೊಂಡು ಹೋದರು. ಈಗ ಆ ಚಿತ್ರ ‘ನೆಮ್ಮದಿಯ ಇನ್ನೊಂದು ಹೆಸರು’ ಎಂಬ ಬರಹದ ಕೆಳಗೆ ಅಂಗಡಿಯ ಮುಂದೆ ಆಳೆತ್ತರ ನಿಂತಿದೆ. ಅದರ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಹಳೆಯ ಗಡಿಯಾರ, ‘ಮಾರಾಟಕ್ಕಿಲ್ಲ’ ಎಂಬ ಚೀಟಿ ಅಂಟಿಸಿಕೊಂಡು, ಕೀ ಕೊಡುವವರಿಲ್ಲದೆ ನಿಂತುಹೋಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಯೆಂದರೆ, ತಾವು ದಯವಿಟ್ಟು ಸ್ವಲ್ಪ ತಪ್ಪಾಗಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಉಪಗ್ರಹದವರಿಗೆ ಒಂದು ಮಾತು ಹೇಳಿ ಭೂಮಿಯನ್ನೇ ಹತ್ತು ನಿಮಿಷ ಮುಂದೆ ತಿರುಗಿಸಿಕೊಡಬೇಕು. ಅದೂ ಕಷ್ಟವಾದರೆ, ಅತ್ತೆಯವರು ಸ್ಟೂಲಿನ ಮೇಲಿರುವಷ್ಟು ಹೊತ್ತಾದರೂ ಸೋತಂತೆ ನಟಿಸಬೇಕು. ಜೇಡರ ಬಲೆಯಿಂದ ಹಿಡಿದು ಟಿಕ್ ಟಿಕ್‌ವರೆಗೆ ಎಲ್ಲವನ್ನೂ ನಟಿಸುವ ತಮಗೆ ಇದೇನು ಮಹಾ ಕೆಲಸವಲ್ಲ.

ಇಷ್ಟು ಬರೆದಿಟ್ಟು ನಿನ್ನೆ ಮಲಗಿದ್ದೆ. ಇವತ್ತು ಬೆಳಿಗ್ಗೆ ಅತ್ತೆಯವರು ಸ್ಟೂಲು ಹತ್ತಲಿಲ್ಲ. ತಮ್ಮ ಕಡೆ ಕಣ್ಣೂ ಹಾಯಿಸದೆ ನಡುಮನೆಯ ಮಧ್ಯೆ ನಿಂತು ‘ಏಳೂವರೆ ಆಯ್ತು’ ಎಂದು ಕೂಗಿದರು. ‘ಈಗ ಸಮಯ ಏಳು ಇಪ್ಪತ್ತು’ ಎಂದು ತಾವು ತಿದ್ದಿದಿರಿ. ಯಾರೂ ತಿರುಗಿ ನೋಡಲಿಲ್ಲ. ಹೆಂಡತಿ ಐದು ಕಳೆದಳು, ಭಾವಮೈದ ಹತ್ತು ಕಳೆದು ಬಸ್ಸು ಹಿಡಿದ. ನಾನು ಹದಿನೈದು ಕಳೆದು ಹೊದಿಕೆ ಎಳೆದುಕೊಳ್ಳುವಷ್ಟರಲ್ಲಿ ಅತ್ತೆಯವರು ಕೋಣೆಯ ಬಾಗಿಲಿಗೆ ಬಂದು, ಮಗಳನ್ನು ನಡುವೆ ಕರೆಯದೆ, ‘ಏಳೂವರೆ ಅಂದೆನಲ್ಲ, ಎದ್ದೇಳಿ ಅಳಿಯಂದ್ರೇ’ ಎಂದರು. ಎದ್ದೆ. ಬದುಕಿನಲ್ಲಿ ಅಷ್ಟು ಸಂತೋಷದಿಂದ ನಾನು ಹಾಸಿಗೆ ಬಿಟ್ಟದ್ದಿಲ್ಲ. ಹೀಗಾಗಿ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ತಾವು ಸರಿಯಾಗಿಯೇ ಇರಿ, ಇನ್ನು ಮುಂದೆ ಅದರಿಂದ ಯಾರಿಗೂ ತೊಂದರೆಯಿಲ್ಲ.

ತಮ್ಮ ವಿಶ್ವಾಸಿ,
ಹದಿನೈದು ಕಳೆಯುವ ಅಳಿಯ

ತಾ.ಕ.: ಭಾನುವಾರ ಬಂದರೆ ಕೀ ಕೊಡುವ ಅಭ್ಯಾಸವನ್ನು ಅತ್ತೆಯವರು ಬಿಡುವಂತೆ ಕಾಣುವುದಿಲ್ಲವಾದ್ದರಿಂದ ನಕ್ಷತ್ರಗಳು ಹೋಗುತ್ತಲೇ ಇರುತ್ತವೆ. ಅವು ತಮಗೆ ಸಂದವೆಂದು ಬೀಗಬೇಡಿ. ಅವೆಲ್ಲ ತಮ್ಮ ಬೆನ್ನ ಹಿಂದಿರುವ ಮೊಳೆಗೆ. ಆ ಗೋಡೆಯ ಮೇಲೆ ನಿಜವಾಗಿ ಹಳೆಯದಾಗಿರುವುದು ಅದೊಂದೇ.