ವಾಪಸ್ ಬಂದ ಬಾಗಿನ

"ಬರೋ ಎರಡನೇ ಶನಿವಾರ, ನಿನ್ ಕೈ ಹಿಡ್ಕೊಂಡು ಸೂರ್ಯನ್ನ ಸಮುದ್ರದಲ್ಲಿ ಮುಳುಗಿಸಿಯೇ ಬತ್ತೀನಿ! ಇದು ಲಿಂಗರಾಜು ಮಾತು!"

ಹುಣಸೂರಿನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಕಾದ ದೋಸೆ ಕಾವಲಿಯ ಸಾಕ್ಷಿಯಲ್ಲಿ ಈ ಘೋರ ಪ್ರತಿಜ್ಞೆ ನಡೆಯಿತು.

"ಮೆಲ್ಲಗೆ ಅನ್ನಿ, ಅತ್ತೆಗೆ ಕೇಳ್ಸುತ್ತೆ," ಎಂದಳು ಹೆಂಡತಿ ಪವಿತ್ರಾ.

ಪ್ರತಿಜ್ಞೆಗೆ ಕಾರಣವಿತ್ತು. ಮದುವೆಯಾಗಿ ನಾಲ್ಕು ತಿಂಗಳಾದರೂ ಗಂಡ ಹೆಂಡತಿ ಇಬ್ಬರೇ ಕೂತು ಹತ್ತು ನಿಮಿಷ ಮಾತಾಡಿದ್ದಿಲ್ಲ. ಮನೆಗೆ ಇದ್ದದ್ದು ಎರಡು ಕೋಣೆ. ಒಂದರಲ್ಲಿ ಅವನ ತಾಯಿ ಮತ್ತು ತಂಗಿ. ಇನ್ನೊಂದರಲ್ಲಿ ಟಿ.ವಿ. ಮತ್ತು ಅದನ್ನು ನೋಡಲು ಬರುವ ಇಡೀ ಬೀದಿ! ಹೆಂಡತಿಯ ಕಿವಿಯಲ್ಲಿ ಒಂದು ಗುಟ್ಟಿನ ಮಾತು ಹೇಳಬೇಕಿದ್ದರೆ ಕುಕ್ಕರ್ ಕೂಗುವವರೆಗೆ ಕಾಯಬೇಕು, ಕೂಗು ನಿಲ್ಲುವುದರೊಳಗೆ ಹೇಳಿ ಮುಗಿಸಬೇಕು. ಮೂರು ಕೂಗಿಗೆ ಬೇಳೆ ಬೇಯುತ್ತಿತ್ತು, ಲಿಂಗರಾಜುವಿನ ಪ್ರೇಮ ಮಾತ್ರ ಅರೆಬೆಂದೇ ಉಳಿಯುತ್ತಿತ್ತು.

ಹೀಗಿರುವಾಗ ವಾರಪತ್ರಿಕೆಯೊಂದರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಕಣ್ಣೂರಿನ ಕಡೆಯ ಒಂದು ಸರ್ಕಾರಿ ಕಡಲತೀರದ ಪಾರ್ಕಿನ ವಿವರ. 'ಅಲ್ಲಿ ಮಾಡಬೇಕಾದ ಏಳು ಸಂಗತಿಗಳು' ಎಂದು ಪಟ್ಟಿ ಬೇರೆ ಕೊಟ್ಟಿದ್ದರು. ಲಿಂಗರಾಜು ಅದನ್ನು ಆಫೀಸಿನ ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಕಿ ಎರಡು ಪ್ರತಿ ಹೊಡೆದ. ಹೂದೋಟ, ದೀಪಸ್ತಂಭ, ಪೆಡಲ್ ದೋಣಿ, ಶಂಖ-ಕಪ್ಪೆಚಿಪ್ಪುಗಳ ಸಂಗ್ರಹ, ಮೀನಿನ ತೊಟ್ಟಿ, ಸರ್ವೆ ತೋಪಿನಲ್ಲಿ ನಡಿಗೆ. ಏಳನೆಯದು, ಜೋಡಿಯಾಗಿ ಕೂತು ಸೂರ್ಯಾಸ್ತ ನೋಡುವುದು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದ. ಉಳಿದ ಆರೂ ಆ ಏಳನೆಯದಕ್ಕೆ ಬರೀ ಪೀಠಿಕೆ! ತಾಯಿಗೆ ಮಂಡಿನೋವು, ತಂಗಿಗೆ ಪರೀಕ್ಷೆ. ದೇವರೇ ಮುಂದೆ ನಿಂತು ದಾರಿ ಸುಗಮ ಮಾಡಿದ ಹಾಗಿತ್ತು.

ಆದರೆ ಪವಿತ್ರಾ ಎಸ್‌ಟಿಡಿ ಬೂತಿನಿಂದ ಮಿರ್ಲೆಯ ತೌರಿಗೆ ಒಂದೇ ಒಂದು ಫೋನ್ ಮಾಡಿದಳು. ಶುಕ್ರವಾರ ಸಂಜೆ ಲಿಂಗರಾಜುವಿನ ಅತ್ತೆ ಬಸವಮ್ಮ ಎರಡು ಹೊಸ ಮೊರ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷರಾದರು. ಹಿಂದೆ ಮಾವ ಮಂಟಯ್ಯ.

"ಅಳಿಯಂದಿರೇ, ನಾವೂ ಬತ್ತೀವಿ."

"ಎಲ್ಲಿಗೆ ಅತ್ತೆ?"

"ಇನ್ನೆಲ್ಲಿಗೆ? ಸಮುದ್ರುಕ್ಕೆ! ಮದ್ವೆ ಆದ ಎಣ್ಣು ಅಷ್ಟು ದೊಡ್ಡ ನೀರು ಕಾಣೋದು ಇದೇ ಮೊದ್ಲು. ಎತ್ತವ್ವ ಬಂದು ಗಂಗವ್ವಂಗೆ ಬಾಗಿನ ಬುಡದೆ ಮಗಳು ಎಂಗೆ ಕಾಲು ನೆನೆಸಾಳು? ನಾಳೆ ಎಚ್ಚುಕಮ್ಮಿ ಆದ್ರೆ?"

"ನೀವ್ಯಾಕೆ ಅಷ್ಟು ದೂರ ದಣೀತೀರಿ? ಕೊಡಿ, ನಾನೇ ಬಿಟ್ಟು ಬತ್ತೀನಿ."

"ಗಂಡಸ್ರು ಬಾಗಿನ ಬುಟ್ಟಾರೇ?" ಬಸವಮ್ಮ ಮಗಳತ್ತ ತಿರುಗಿದರು. "ಇವ್ರು ಓದ್ದೋರು ಅಂದಿದ್ದೆ?"

ಅಲ್ಲಿಗೆ ಲಿಂಗರಾಜುವಿನ ಹನಿಮೂನಿಗೆ ಅತ್ತೆ ಮಾವ ಸೇರ್ಪಡೆಯಾದರು!

ಮಂಟಯ್ಯ ಮಿರ್ಲೆಯ ನಾಲೆಯ ನೀರುಗಂಟಿ. ತೂಬಿನ ಹಲಗೆ ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಪಾಳಿ ಹಾಕಿ ಬಿಡುವ ಮನುಷ್ಯ. ಮೂವತ್ತು ವರ್ಷ ನೀರನ್ನು ಅಳೆದು ಅಳೆದು ಬಿಟ್ಟು, ಮಾತನ್ನೂ ಹಾಗೇ ಬಿಡುವುದು ಅಭ್ಯಾಸವಾಗಿತ್ತು. ದಿನಕ್ಕೆ ನಾಲ್ಕು ಮಾತಾಡಿದರೆ ಅದು ಅವರ ಮಟ್ಟಿಗೆ ಪ್ರವಾಹ.

ಶನಿವಾರ ನಸುಕಿನಲ್ಲೇ ಬಾಡಿಗೆ ಜೀಪು ಹೊರಟಿತು. ಗೋಣಿಕೊಪ್ಪಲಿನಲ್ಲಿ ಕಾಫಿ, ವಿರಾಜಪೇಟೆಯಲ್ಲಿ ಪಂಕ್ಚರ್, ಘಾಟಿಯ ಪ್ರತಿ ತಿರುವಿನಲ್ಲೂ ಬಸವಮ್ಮನ ವಾಂತಿ. ಪಾರ್ಕು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಬಣ್ಣದ ಛತ್ರಿಯ ಕೆಳಗೆ ಕೂತು ಮುದ್ದೆ ಮುರಿದು, ಹುರುಳಿ ಸಾರು ಕಲಸಿಕೊಂಡು ತಿಂದದ್ದೂ ಆಯಿತು. ಐಸ್‌ಕ್ರೀಮ್ ಚೀಪುತ್ತಿದ್ದ ಕಾಲೇಜು ಜೋಡಿಯೊಂದು ಇವರನ್ನು ಪಾರ್ಕಿನ ಎಂಟನೆಯ ಸಂಗತಿಯೆಂಬಂತೆ ನಿಂತು ನೋಡಿತು.

ಲಿಂಗರಾಜು ಪಟ್ಟಿ ಬಿಚ್ಚಿದ. ಬಸವಮ್ಮ ಒಂದೊಂದನ್ನೇ ವಜಾ ಮಾಡಿದರು.

ಹೂದೋಟ? "ಬರೀ ಕ್ರೋಟನ್ನು. ಒಂದು ಕನಕಾಂಬ್ರ ಇಲ್ಲ, ಒಂದು ಮರುಗ ಇಲ್ಲ. ಇದೂ ಒಂದು ತೋಟ್ವಾ?"

ಪೆಡಲ್ ದೋಣಿ? "ನೀರಿನ್ ಮ್ಯಾಲೆ ಸೈಕಲ್ ತುಳಿಯಾಕೆ ಇಲ್ಲಿಗಂಟ ಬರ್ಬೇಕಾಗಿತ್ತಾ?"

ಮೀನಿನ ತೊಟ್ಟಿ? "ಮೀನು ನೋಡೋದೇನು? ಸಾರು ಮಾಡಿದ್ರೆ ಒಂದು ಮಾತು."

ದೀಪಸ್ತಂಭದ ಮೆಟ್ಟಿಲನ್ನು ಕೆಳಗಿನಿಂದಲೇ ನೋಡಿ ಕೈ ಮುಗಿದು ಬಂದರು. ಲಿಂಗರಾಜು ಬೇಸರಪಡಲಿಲ್ಲ. ಗಂಟೆ ಐದು. ಸೂರ್ಯ ಮುಳುಗಲು ಇನ್ನೂ ಒಂದೂಕಾಲು ಗಂಟೆ. ಬಾಗಿನಕ್ಕೆ ಹತ್ತು ನಿಮಿಷ. ಆಮೇಲೆ ಅತ್ತೆ ಮಾವನನ್ನು ಬೆಂಚಿಗೆ ಒಪ್ಪಿಸಿ ತಾನು ಮತ್ತು ಪವಿತ್ರಾ! ಲೆಕ್ಕ ಪಕ್ಕಾ ಇತ್ತು.

ಮರಳಿಗೆ ಇಳಿದರು. ಮಂಟಯ್ಯ ಮೊದಲ ಸಲ ಸಮುದ್ರ ನೋಡಿ, "ಇದ್ರ ನೀರುಗಂಟಿ ಯಾರಪ್ಪ?" ಎಂದಷ್ಟೇ ಕೇಳಿ, ಒಂದು ಕಡ್ಡಿ ಹೆಕ್ಕಿ ನೀರಂಚಿನಲ್ಲಿ ನೆಟ್ಟು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು.

ಬಸವಮ್ಮ ಬಾಗಿನ ಜೋಡಿಸಿದರು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ. ಮೇಲೆ ಇನ್ನೊಂದು ಮೊರ ಮುಚ್ಚಿ ಅರಿಸಿನದ ದಾರ ಸುತ್ತಿ, ಮಗಳ ಕೈ ಮುಟ್ಟಿಸಿ, "ತಾಯಿ ಗಂಗವ್ವ, ಒಪ್ಪಿಸ್ಕೊಳವ್ವ" ಎಂದು ತೇಲಿಬಿಟ್ಟರು. ಬಾಗಿನ ಗಂಭೀರವಾಗಿ ಮೂರು ಮಾರು ಒಳಗೆ ಹೋಯಿತು. ಅಲ್ಲಿ ಒಂದು ಕ್ಷಣ ಯೋಚಿಸಿತು. ಮುಂದಿನ ಅಲೆಯ ಹೆಗಲೇರಿ ಸೀದಾ ವಾಪಸ್ ಬಂದು ಲಿಂಗರಾಜುವಿನ ಪಾದಕ್ಕೆ ಮುಟ್ಟಿತು!

ಬಸವಮ್ಮನ ಮುಖದ ಬಣ್ಣ ಇಳಿಯಿತು. ಇಪ್ಪತ್ತೈದು ವರ್ಷದಿಂದ ನಾಲೆಗೆ ಬಾಗಿನ ಬಿಟ್ಟವರು ಅವರು. ನಾಲೆಗೆ ಬಿಟ್ಟದ್ದು ತಿರುಗಿ ನೋಡದೆ ಹೋಗುತ್ತದೆ. ವಾಪಸ್ ಬಂದ ಬಾಗಿನ ಅವರ ವಂಶದಲ್ಲೇ ಇಲ್ಲ.

"ಇನ್ನೊಂದು ಕಿತ ಬುಡು ಅವ್ವ," ಎಂದಳು ಪವಿತ್ರಾ.

ಬಿಟ್ಟರು. ಬಂತು. ಈ ಸಲ ಪಾರ್ಕಿನ ಕಾವಲುಗಾರನೇ ಓಡಿಹೋಗಿ ಎತ್ತಿ, "ಅಮ್ಮಾ, ನಿಙಳುಡೆ ಸಾಧನಂ!" ಎನ್ನುತ್ತ ಕಳೆದ ಸಾಮಾನು ಸಿಕ್ಕಿದ ಸಂತೋಷದಲ್ಲಿ ತಂದು ಕೈಗಿತ್ತ.

"ಗಂಗವ್ವ ಒಪ್ತಿಲ್ಲ," ಬಸವಮ್ಮ ಘೋಷಿಸಿದರು. "ಯಾರ್ದೋ ತಪ್ಪು ಅದೆ. ನಂದಲ್ಲ. ನನ್ ಮಗಳ್ದಲ್ಲ. ಅವ್ರದ್ದು ಇರಾಕಿಲ್ಲ, ಅವ್ರು ಮಾತೇ ಆಡಾಕಿಲ್ಲ." ಉಳಿದವನು ಒಬ್ಬನೇ. "ಅಳಿಯಂದಿರೇ, ಏನ್ ಮಾಡಿದ್ದೀರಿ?"

"ನಾನಾ? ನಾನೇನು ಮಾಡ್ದೆ? ಅತ್ತೆ, ಸಮುದ್ರ ಅಂದ್ರೆ ಹಿಂಗೇನೆ. ನನಗೆ ಹೊಸದಾ? ಮೂರು ಸಲ ನೋಡಿದ್ದೀನಿ!"

"ಒಪ್ಕಳೋಗಂಟ ಇಲ್ಲಿಂದ ಯಾರೂ ಕದಲಂಗಿಲ್ಲ," ಎಂದು ಬಸವಮ್ಮ ಮರಳ ಮೇಲೆ ಕೂತೇಬಿಟ್ಟರು. ಮಗಳ ಮುಂಗೈಯೂ ಅವರ ಹಿಡಿತದಲ್ಲೇ ಇತ್ತು.

ಲಿಂಗರಾಜು ಪಡುವಣ ನೋಡಿದ. ಸೂರ್ಯ ಒಂದು ಮೊಳ ಇಳಿದಿದ್ದ. ಸಣ್ಣದೊಂದು ತಪ್ಪು ಒಪ್ಪಿಕೊಂಡು ಕೇಸು ಮುಗಿಸುವುದು ಜಾಣತನ ಎನ್ನಿಸಿತು.

"ಗೋಣಿಕೊಪ್ಪಲಲ್ಲಿ ಜೀಪಿನ ಹಿಂದೆ ನಿಂತು ಒಂದು ಸಿಗರೇಟು ಸೇದಿದೆ."

"ರೀ! ಬಿಟ್ಟಿದ್ದೀನಿ ಅಂದಿದ್ರಿ!"

ಬಾಗಿನ ಬಿಟ್ಟರು. ಬಂತು.

"ಒಂದೇನಾ?" ಎಂದರು ಬಸವಮ್ಮ.

"ಎರಡು."

ಬಿಟ್ಟರು. ಬಂತು. ಮಂಟಯ್ಯ ತಮ್ಮ ಕಡ್ಡಿಯನ್ನು ಕಿತ್ತು ಎರಡಡಿ ಹಿಂದೆ ನೆಟ್ಟು, ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೆ ಕುಕ್ಕರಗಾಲಲ್ಲಿ ಕೂತರು.

"ಇನ್ನೂ ಅದೆ. ಯೋಳಿ, ಯೋಳಿ. ಗಂಗವ್ವನ ಮುಂದೆ ಏನ್ ನಾಚ್ಕೆ?"

ಸೂರ್ಯ ಇನ್ನೊಂದು ಗೇಣು ಇಳಿದ. ಸೂರ್ಯನ ಜೊತೆಗೇ ಲಿಂಗರಾಜುವಿನ ಮಾನವೂ ಇಳಿಯತೊಡಗಿತು. ಮೂರು ಸಲ ಸಮುದ್ರ ನೋಡಿದ್ದೆಲ್ಲ ಕ್ಯಾಲೆಂಡರಿನಲ್ಲಿ ಎಂದ. ಬಂತು. ಹೆಣ್ಣು ನೋಡಲು ಬಂದಾಗ ಹೆಡ್ ಕ್ಲರ್ಕ್ ಎಂದಿದ್ದು ಸುಳ್ಳು, ತಾನು ಬರೀ ಟಪಾಲಿಗೆ ಮೊಹರು ಒತ್ತುವ ಗುಮಾಸ್ತ ಎಂದ.

"ಅಂಗಾದ್ರೆ ಎಡ್ಡು ಯಾರು?"

"ಚಿಕ್ಕಬಸಪ್ಪ ಅಂತ ಇದ್ದಾರೆ. ಅವರ ಕುರ್ಚೀಲಿ ಕೂತು ಫೋಟೊ ತೆಗೆಸಿದ್ದೆ."

ಬಸವಮ್ಮ ಆ ಫೋಟೊವನ್ನು ಮಿರ್ಲೆಯ ಮನೆಮನೆಗೂ ತೋರಿಸಿದ್ದರು. ಬಾಯಿ ಬಿಡದೆ ಬಾಗಿನ ಬಿಟ್ಟರು. ಬಂತು. ಕಾವಲುಗಾರನಿಗೂ ಈಗ ಅಭ್ಯಾಸವಾಗಿ, ಅಲೆಗಿಂತ ಮೊದಲೇ ಹೋಗಿ ನಿಂತಿರುತ್ತಿದ್ದ. ಐಸ್‌ಕ್ರೀಮಿನ ಜೋಡಿಯೂ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಭಕ್ತಿಯಿಂದ ನಿಂತಿತ್ತು.

"ದೀಪಾವಳಿಗೆ ಬರದೆ ಇದ್ದದ್ದು?" ಬಸವಮ್ಮನಿಗೆ ಈಗ ಹದ ಸಿಕ್ಕಿತ್ತು. "ಆಫೀಸಲ್ಲಿ ಇನ್ಸ್‌ಪೆಕ್ಷನ್ ಅಂದ್ರಲ್ಲ?"

"ಇನ್ಸ್‌ಪೆಕ್ಷನ್ ಇರ್ಲಿಲ್ಲ. ಮಡಿಕೇರೀಲಿ ಇಸ್ಪೀಟು ಇತ್ತು."

"ನಿಮಗೇಂತ ಒಬ್ಬಟ್ಟು ತಟ್ಟಿ ಮೂರು ದಿನ ಮಡಗಿದ್ನಲ್ಲ ನಾನು!"

ಬಿಟ್ಟರು. ಬಂತು. ಮೊರದ ಒಳಗಿನ ಅಕ್ಕಿ ನೆನೆದು ಇಡ್ಲಿಗೆ ರುಬ್ಬುವ ಹದಕ್ಕೆ ಬಂದಿತ್ತು. ಸೂರ್ಯನ ಕೆಳ ಅಂಚು ನೀರಿಗೆ ಮುಟ್ಟಿತು. ಲಿಂಗರಾಜುವಿನ ಎದೆ ಒಡೆಯಿತು. ಇನ್ನು ಉಳಿದದ್ದು ಒಂದೇ ತಪ್ಪು, ಎಲ್ಲಕ್ಕೂ ತಳದಲ್ಲಿದ್ದದ್ದು. ಅದನ್ನು ಹೇಳಿದರೆ ಗಂಗವ್ವ ಒಪ್ಪಲೇಬೇಕು. ಅರ್ಧ ಸೂರ್ಯನಾದರೂ ದಕ್ಕುತ್ತಾನೆ!

"ಪವಿ, ಲಗ್ನಪತ್ರಿಕೆ ಆದ ಮೇಲೆ ನಿನಗೆ ನಾಲ್ಕು ಕಾಗದ ಬಂತಲ್ಲ, ಅದನ್ನ ಬರೆದಿದ್ದು ನಾನಲ್ಲ. ನನ್ನ ಪಕ್ಕದ ಟೇಬಲ್ಲಿನ ಮಲ್ಲೇಶ."

ಪವಿತ್ರಾಳ ಕೈ ತಾಯಿಯ ಹಿಡಿತದಿಂದ ಜಾರಿತು. ಆ ನಾಲ್ಕು ಕಾಗದಗಳು ಅವಳ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಇದ್ದವು.

"ಲಕ್ಷ್ಮಣತೀರ್ಥ ಹೊಳೆ ಬತ್ತಿದರೂ ನಿನ್ನ ನೆನಪು ಬತ್ತದು ಅಂತ ಇತ್ತಲ್ಲ, ಅದೂನಾ?"

"ಅದೂ ಮಲ್ಲೇಶಂದೇ. ಸಹಿ ಮಾತ್ರ ನಂದು."

ಸೂರ್ಯ ಇಷ್ಟೆಲ್ಲ ಕೇಳಿಸಿಕೊಂಡು ಇನ್ನು ನಿಲ್ಲಲಾರೆ ಎನ್ನುವಂತೆ ಪೂರ್ತಿ ಮುಳುಗಿಬಿಟ್ಟ. ಆಗ ಮಂಟಯ್ಯ ಮಂಡಿ ಹಿಡಿದುಕೊಂಡು ಎದ್ದರು.

"ಈಗ ಬುಡಮ್ಮಿ. ಓಯ್ತದೆ."

ಬಸವಮ್ಮ ಬಿಟ್ಟರು. ಬಾಗಿನ ಒಂದು ಅಲೆ ಹತ್ತಿತು, ಇನ್ನೊಂದು ಇಳಿಯಿತು, ಹಿಂದೆ ಸರಿಯುವ ನೀರಿನ ಜೊತೆ ಜಾರಿ ಜಾರಿ, ಅರಿಸಿನದ ಚುಕ್ಕೆಯಾಗಿ ಮರೆಯಾಯಿತು. ಕಾವಲುಗಾರ ಚಪ್ಪಾಳೆ ತಟ್ಟಿದ.

"ಅದ್ಹೆಂಗೆ ಮಾವ?" ಲಿಂಗರಾಜು ಬಾಯಿ ತೆರೆದ.

"ಇಲ್ಲೂ ನೀರಿಗೆ ಪಾಳಿ ಅದೆ ಕಣಪ್ಪ. ಒಂದೊತ್ತು ಏರ್ತದೆ, ಒಂದೊತ್ತು ಇಳೀತದೆ. ಇಷ್ಟೊತ್ತೂ ನನ್ ಕಡ್ಡಿ ದಾಟ್ಕಂಡು ಏರ್ತಾ ಇತ್ತು. ಏರೋ ನೀರಿಗೆ ಏನೇ ಬುಟ್ರೂ ದಡಕ್ಕೇ ತಂದಾಕ್ತದೆ."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ನೀವು ಎರಡ್ನೇ ಸಿಗರೇಟು ಒಪ್ಕಂಡ್ರಲ್ಲ, ಆವಾಗ್ಲೇ."

"ಅಯ್ಯೋ! ಮತ್ತೆ ಒಂದು ಮಾತು ಹೇಳ್ಬಾರ್ದಾಗಿತ್ತಾ ಮಾವ?"

"ಯೋಳೋಣ ಅಂತಿದ್ದೆ. ನೀವು ಒಳ್ಳೇ ನಾಲೆ ನೀರಿನಂಗೆ ಅರೀತಿದ್ರಿ. ಅರೀತಿರೋ ನೀರಿಗೆ ನಾನ್ಯಾಕೆ ಅಲಗೆ ಆಕ್ಲಿ ಅಂತ ಸುಮ್ಕಾದೆ."

ಇಡೀ ವರ್ಷದ ಮಾತು ಒಂದೇ ಸಂಜೆ ಖರ್ಚು ಮಾಡಿದ ಆಯಾಸಕ್ಕೆ ಅವರು ಬೆಂಚು ಹುಡುಕಿಕೊಂಡು ಹೊರಟರು. ಬಸವಮ್ಮನಿಗೆ ಬಾಗಿನ ಹೋದದ್ದೇ ತೃಪ್ತಿ. ಗುಮಾಸ್ತನೋ ಹೆಡ್ಡೋ, ಗಂಗವ್ವ ಒಪ್ಪಿದ ಮೇಲೆ ತಾವು ಒಪ್ಪದೆ ಇರಲಾದೀತೇ?

"ಓಗ್ರವ್ವ, ಇಬ್ರೂ ಒಂದೀಟು ಅಡ್ಡಾಡ್ಕಂಡು ಬನ್ನಿ," ಎಂದು ತಾವೇ ಅಪ್ಪಣೆ ಕೊಟ್ಟರು.

ಲಿಂಗರಾಜುವಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಪವಿತ್ರಾ ಮುಂದೆ ನಡೆದಳು, ಅವನು ಹಿಂದೆ. ಸರ್ವೆ ತೋಪು. ಇನ್ನೂ ಆರದ ಕೆಂಪು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರು ಇಬ್ಬರೇ! ಅವಳು ನಿಂತಳು. ತಿರುಗಿದಳು. ಅವನ ಕೈಯನ್ನು ತಾನಾಗಿ ಹಿಡಿದುಕೊಂಡಳು. ಅವಳ ದನಿ ಜೇನಿನ ಹಾಗಿತ್ತು.

"ರೀ..."

"ಏನು ಪವಿ? ಹೇಳು!"

"ಆ ಕಾಗದ ಬರೆದ ಮಲ್ಲೇಶ್ ಅವ್ರಿಗೆ... ಮದ್ವೆ ಆಗಿದ್ಯಾ?"