ಮನೆಯ ಇಂಟರ್‌ನೆಟ್ಟಿಗೆ ದಿಢೀರ್ ತಪಾಸಣೆ

"ಫೋನ್ ತಂತಿಯೋ ಕೇಬಲ್ಲೋ, ಗುರುವಾರದೊಳಗೆ ತೀರ್ಮಾನ ಮಾಡಿಬಿಡ್ತೀನಿ. ನಾನು ತೂಗಿ ಹೇಳಿದ ಮೇಲೆ ಅದಕ್ಕೆ ಅಪೀಲಿಲ್ಲ," ಎಂದು ತೂಕದ ಸಾಹೇಬರು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು. ಬಾಯಿ ತುಂಬ ನೊರೆಯಿದ್ದುದರಿಂದ ಹೆಂಡತಿಗೆ ತಿಳಿದದ್ದು "ಗುರುವಾರ" ಎಂಬ ಒಂದೇ ಪದ. ಆಕೆಗೆ ಬೇಕಾಗಿದ್ದದ್ದೂ ಅದೊಂದೇ.

ಸಾಹೇಬರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಇಪ್ಪತ್ತಾರು ವರ್ಷಗಳಿಂದ ಅಂಗಡಿ ಅಂಗಡಿ ಹೊಕ್ಕು, ತಟ್ಟೆಯ ಅಡಿಗೆ ಆಯಸ್ಕಾಂತ ಕಚ್ಚಿಸಿಕೊಂಡ ತಕ್ಕಡಿ, ತಳ ಮೇಲೆದ್ದ ಲೀಟರು, ಸವೆದು ಸೊರಗಿದ ಕಲ್ಲು, ಎಲ್ಲವನ್ನೂ ಹಿಡಿದು ಸೀಲು ಒತ್ತಿದವರು. ಮನೆಗೆ ತಂದ ಸಕ್ಕರೆಯನ್ನು ಮತ್ತೊಮ್ಮೆ ತೂಗದೆ ಡಬ್ಬಿಗೆ ಸುರಿದ ದಾಖಲೆಯೇ ಇಲ್ಲ. ಅವರ ಹೆಂಡತಿ ಒಂಬತ್ತು ವರ್ಷಗಳಿಂದ ಊಟದ ಮೇಜಿನ ಮೇಲೆ ಬೀದಿಯ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದಳು. ಪಾಠ ಮುಗಿದ ಮೇಲೆ ಮೇಜು ಒರೆಸಿದರೂ ಅನ್ನದ ತಟ್ಟೆಯ ಕೆಳಗೆ ಒಂದೆರಡು ಭಿನ್ನರಾಶಿ ಉಳಿದಿರುತ್ತಿದ್ದವು. ಈಗ ಇಂಟರ್‌ನೆಟ್ಟಿನಲ್ಲೇ ಪಾಠ ನಡೆಸುವ ಒಂದು ಶಾಲೆ ಆಕೆಯನ್ನು ಸಂದರ್ಶನಕ್ಕೆ ಕರೆದಿತ್ತು. ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ಸಂದರ್ಶನದ ನಡುವೆ ಲೈನು ಪದೇ ಪದೇ ಕಡಿದರೆ ಅಭ್ಯರ್ಥಿಯನ್ನು ಪರಿಗಣಿಸುವುದಿಲ್ಲ. ಆ ಸಾಲನ್ನು ಓದಿದಂದಿನಿಂದ ಆಕೆಗೆ ಸರಿಯಾಗಿ ನಿದ್ದೆಯಿಲ್ಲ. ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಮನೆಯಲ್ಲಿದ್ದದ್ದು ಹಳೆಯ ಫೋನ್ ತಂತಿಯ ಮೇಲೆ ಬರುವ ಡಿಎಸ್‌ಎಲ್. ಭಾಮೈದ ಬಂದಾಗಲೆಲ್ಲ ನಗುತ್ತಿದ್ದ.

"ಏನ್ ಭಾವ, ಇನ್ನೂ ಫೋನ್ ತಂತೀಲೇ ನೇತಾಡ್ತಿದ್ದೀರಾ? ಟೀವಿ ಕೇಬಲ್‌ನೋರೇ ಇಂಟರ್‌ನೆಟ್ ಕೊಡ್ತಾರೆ. ನೂರು ಸ್ಪೀಡು, ನೂರು."

"ಯಾರೋ ಹೇಳಿದ್ದನ್ನ ನಂಬೋಕೆ ನಾನೇನು ಗಿರಾಕಿನಾ? ಎರಡನ್ನೂ ಪಕ್ಕಪಕ್ಕ ಇಟ್ಟು ತೂಗ್ತೀನಿ."

"ರೀ, ಯಾವುದಾದ್ರೂ ಒಂದಿರ್ಲಿ," ಎಂದಳು ಹೆಂಡತಿ. "ಗುರುವಾರ ಒಂದು ಗಂಟೆ ಹೊತ್ತು ಕೈ ಕೊಡದೆ ಇದ್ರೆ ಸಾಕು."

ಸೋಮವಾರ ಕೇಬಲ್‌ನವನು ಬಂದ. ಒಂದು ವಾರ ಬಳಸಿ ನೋಡಲು ಬಿಟ್ಟಿ. ಚಪ್ಪಲಿ ಗೂಡಿನ ಮೇಲೆ ಹಳೆಯ ಡಬ್ಬಿಯ ಪಕ್ಕಕ್ಕೇ ಹೊಸ ಡಬ್ಬಿ ಇಟ್ಟು, ಗೋಡೆಗೆ ತೂತು ಕೊರೆದು, ಹೋಗುವಾಗ ಒಂದು ಮಾತು ಹೇಳಿದ.

"ಸಾರ್, ಫೋನ್ ತಂತಿ ನಿಮ್ಮನೇಗೆ ಅಂತಲೇ ಬೇರೆ ಬರುತ್ತೆ. ನಮ್ದು ಹಾಗಲ್ಲ, ಬೀದಿಗೆಲ್ಲಾ ಸೇರಿ ಒಂದೇ. ಸಂಜೆ ಎಲ್ರೂ ಮನೆಗೆ ಬಂದು ಕೂತಾಗ ಸ್ವಲ್ಪ ಕಮ್ಮಿಯಾಗುತ್ತೆ."

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ... ಸ್ವಲ್ಪ, ಸಾರ್."

"ಆ ತೂಕದ ಕಲ್ಲು ನಮ್ಮ ಇಲಾಖೇಲಿಲ್ಲ," ಎಂದು ಸಾಹೇಬರು ಬಾಗಿಲು ಹಾಕಿಕೊಂಡರು. ಮನೆಯ ಹಳೆಯ ಕಂಪ್ಯೂಟರನ್ನು ಫೋನ್ ತಂತಿಗೂ ತಮ್ಮ ಲ್ಯಾಪ್‌ಟಾಪನ್ನು ಕೇಬಲ್ಲಿಗೂ ಸಿಕ್ಕಿಸಿ, ವೇಗ ಅಳೆಯುವ ಪುಟವನ್ನು ಎರಡರಲ್ಲೂ ತೆರೆದರು. ಉದ್ದನೆಯ ರಿಜಿಸ್ಟರಿಗೆ ಗೆರೆ ಹಾಕಿದರು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಅಳತೆ ಶುರುವಾಯಿತು.

ಮರುದಿನ ಬೆಳಿಗ್ಗೆ ಕೇಬಲ್ ತೊಂಬತ್ತನಾಲ್ಕು, ಫೋನ್ ತಂತಿ ಏಳು. ಸಂಜೆ ಬೀದಿಯವರೆಲ್ಲ ಮನೆ ಸೇರಿ ಕೂತ ಮೇಲೆ ಕೇಬಲ್ ಹನ್ನೊಂದಕ್ಕಿಳಿಯಿತು. ಫೋನ್ ತಂತಿ ಮಾತ್ರ ಆಗಲೂ ಏಳು. ಬುಧವಾರವೂ ಏಳು. ಮೋಡ ಕವಿದರೂ ಏಳು, ಬಿಸಿಲು ಕಾದರೂ ಏಳು.

"ನೋಡೇ, ಹೇಳಿದ್ದನ್ನೇ ಹೇಳೋ ಸಾಕ್ಷಿ ಅಂದ್ರೆ ಇದು. ಕೋರ್ಟಲ್ಲಿ ನಿಲ್ಲುತ್ತೆ," ಎಂದು ಸಾಹೇಬರು ಹಳೆಯ ಡಬ್ಬಿಯ ಧೂಳು ಒರೆಸಿದರು.

"ಬೆಳಗಿಂದ ಏಳು ಏಳು ಅಂತಿದ್ದೀರಿ, ಅದು ಮೇಲೆ ಏಳೋದೇ ಇಲ್ವಲ್ಲ," ಎಂದಳು ಹೆಂಡತಿ.

ಆದರೆ ಕೇಬಲ್ ಮೇಲೆ ಅವರ ಅನುಮಾನ ಬಲಿಯುತ್ತಲೇ ಹೋಯಿತು. ಮುಂಜಾನೆ ತೊಂಬತ್ತನಾಲ್ಕಂತೆ, ಅದೂ ತಾವು ಅಳೆಯಲು ಕೂತಾಗಲೇ! ಇಪ್ಪತ್ತಾರು ವರ್ಷಗಳ ಅನುಭವ ಎದ್ದು ಕೂತಿತು. ಇಲಾಖೆಯ ಜೀಪು ಬೀದಿ ತಿರುವಿಗೆ ಬಂದರೆ ಸಾಕು, ಎಂಥ ಕಳ್ಳ ತಕ್ಕಡಿಗೂ ಬುದ್ಧಿ ಬಂದುಬಿಡುತ್ತದೆ. ಜೀಪು ದಾಟಿದ ಮೇಲೆ ಆಯಸ್ಕಾಂತ ಮತ್ತೆ ತನ್ನ ಜಾಗ ಸೇರುತ್ತದೆ.

"ಅವರಿಗೆ ನನ್ನ ಹೊತ್ತು ಗೊತ್ತಾಗಿಬಿಟ್ಟಿದೆ ಕಣೇ. ಬೆಳಿಗ್ಗೆ ನಾನು ಅಳೆಯೋವಾಗ ಜಾಸ್ತಿ ಬಿಡ್ತಾರೆ."

"ಊರಿಗೆಲ್ಲ ಇಂಟರ್‌ನೆಟ್ ಕೊಡೋರು ನೀವು ಹಲ್ಲುಜ್ಜಿ ಬರ್ಲಿ ಅಂತ ಕಾಯ್ತಾ ಕೂತಿರ್ತಾರಾ?"

"ನಿನಗೆ ವ್ಯಾಪಾರಸ್ಥರ ವಿಷಯ ಗೊತ್ತಿಲ್ಲ," ಎಂದರು ಸಾಹೇಬರು. ಅಲ್ಲಿಗೆ ಆ ಮಾತು ನಿಂತಿತು. ದಿಢೀರ್ ತಪಾಸಣೆ ಮಾಡುವುದೆಂದು ಅವರು ಮನಸ್ಸಿನಲ್ಲೇ ನಿರ್ಧರಿಸಿದರು. ಯಾವಾಗ ಎಂಬುದನ್ನು ಹೆಂಡತಿಗೂ ಹೇಳಲಿಲ್ಲ. ಮುಂಚೆ ತಿಳಿಸಿ ಹೋದರೆ ಅದು ತಪಾಸಣೆಯಲ್ಲ, ನೆಂಟಸ್ತನ ಎಂಬುದು ಅವರು ಕಿರಿಯ ಇನ್ಸ್‌ಪೆಕ್ಟರುಗಳಿಗೆ ಕಲಿಸುತ್ತಿದ್ದ ಮೊದಲ ಪಾಠ.

ಗುರುವಾರ ಸಾಹೇಬರು ರಜೆ ಹಾಕಿದರು. ಹೆಂಡತಿಗೆ ಒತ್ತಾಸೆಯಾಗಿ ಮನೆಯಲ್ಲಿರಬೇಕೆಂಬ ಆಸೆ ನಿಜವಾಗಿಯೂ ಇತ್ತು. ಆಕೆ ಕೋಣೆಯೊಳಗೆ ಹೋಗಿ, ತನ್ನ ಲ್ಯಾಪ್‌ಟಾಪನ್ನು ಕೇಬಲ್ಲಿಗೆ ಜೋಡಿಸಿಕೊಂಡು ಬಾಗಿಲು ಮುಚ್ಚಿಕೊಂಡಳು. ಹನ್ನೊಂದಕ್ಕೆ ಸರಿಯಾಗಿ ತೆರೆಯ ಮೇಲೆ ಮೂವರು ಬಂದು ನಮಸ್ಕರಿಸಿದರು. ಹೊರಗೆ ಹಾಲ್‌ನಲ್ಲಿ ಸಾಹೇಬರು ಕನ್ನಡಕ ಏರಿಸಿ, ಎರಡೂ ಯಂತ್ರಗಳ ಮುಂದೆ ಕೂತು, ಕೇಬಲ್ಲಿನ ಮೇಲೆ ಗುಂಡಿ ಒತ್ತಿದರು.

ಅರವತ್ತು. ಹುಬ್ಬು ಮೇಲೇರಿತು. ಖಚಿತಪಡಿಸಿಕೊಳ್ಳಲು ಮತ್ತೆ ಒತ್ತಿದರು. ಐವತ್ತೆಂಟು. ಮತ್ತೆ ಒತ್ತಿದರು. ಐದನೇ ಸಲಕ್ಕೆ ಕೋಣೆಯ ಬಾಗಿಲು ತೆರೆಯಿತು.

"ರೀ, ಅವರ ಮುಖ ಅಲ್ಲಲ್ಲೇ ನಿಂತೋಗ್ತಿದೆ. ಎರಡು ಸಲ ಕಡೀತು. ಫೋನ್ ತಂತಿಗೆ ಹಾಕ್ಕೋತೀನಿ."

"ಧೈರ್ಯವಾಗಿ ಹೋಗು. ಇಲ್ಲಿ ನಾನಿದ್ದೀನಿ," ಎಂದ ಸಾಹೇಬರು, ಆಕೆ ಒಳಗೆ ಹೋದ ಕೂಡಲೇ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದರು. ನಂಬಿಕಸ್ಥ ಸಾಕ್ಷಿ ಮೊದಲ ಬಾರಿಗೆ ಮಾತು ತಿರುಗಿಸಿತ್ತು. ಏಳರ ಜಾಗದಲ್ಲಿ ಐದು. ಇಲ್ಲೂ ಮೋಸವೇ? ಬಲಗೈ ಕೇಬಲ್ಲಿಗೆ, ಎಡಗೈ ಫೋನ್ ತಂತಿಗೆ. ತಬಲಾ ಬಾರಿಸಿದ ಹಾಗೆ ಬಾರಿಸತೊಡಗಿದರು. ಒಳಗಿನಿಂದ "ಕೇಳಿಸ್ತಿದೆಯಾ? ಹಲೋ, ನಾನು ಕೇಳಿಸ್ತಿದ್ದೀನಾ?" ಎಂಬ ದನಿ ನಡುಗುತ್ತ ಬಂತು. ಅದು ಕಿವಿಗೆ ಬಿದ್ದಷ್ಟೂ ಸಾಹೇಬರು ಜೋರಾಗಿ ಒತ್ತಿದರು. ಹೆಂಡತಿಯ ಒಂಬತ್ತು ವರ್ಷದ ಶ್ರಮ ತಮ್ಮ ಕಣ್ಣೆದುರೇ ನೀರುಪಾಲಾಗುವುದನ್ನು ನೋಡುತ್ತ ಕೂರುವವರಲ್ಲ ಅವರು. ರಿಸೀವರು ಎತ್ತಿ ಕೇಬಲ್ ಕಚೇರಿಗೆ ಫೋನು ಮಾಡಿದರು.

"ನಾನು ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಹನ್ನೊಂದು ಗಂಟೆಯಿಂದ ನನ್ನ ಲೈನಿಂದ ಯಾರೋ ಕದೀತಿದ್ದಾರೆ. ನನ್ನ ಹತ್ರ ಇಪ್ಪತ್ತಾರು ರೀಡಿಂಗ್ ಇದೆ."

ಆ ಕಡೆಯ ಹುಡುಗಿ ಶಾಂತವಾಗಿ ಏನೋ ಕುಟ್ಟಿ ನೋಡಿದಳು. "ಹೌದು ಸಾರ್, ನಿಮ್ಮ ಲೈನ್ ಪೂರ್ತಿ ಎಳೀತಿದೆ. ಅಷ್ಟು ಸಲ ಅಳೆದಿದ್ದು ನೀವೇನಾ?"

"ನಾನೇ. ಯಾಕೆ?"

"ಸ್ಪೀಡ್ ಅಳೆಯೋದು ಅಂದ್ರೆ ಲೈನಲ್ಲಿ ಇರೋದನ್ನೆಲ್ಲ ಒಂದೇ ಸಲ ಎಳೆದು, ಎಷ್ಟು ಬಂತು ಅಂತ ನೋಡೋದು ಸಾರ್. ಆ ಹೊತ್ತಲ್ಲಿ ಮನೇಲಿ ಬೇರೆ ಯಾರಿಗೂ ಸರಿಯಾಗಿ ಸಿಗಲ್ಲ. ಯಾವ ಕಂಪನಿ ಲೈನಾದ್ರೂ ಅಷ್ಟೇ."

"ಅಂದ್ರೆ, ಕದೀತಿರೋದು..."

"ಮನೆಯೋರೇ ಸಾರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಬೇಕಿರಲಿಲ್ಲ. ಸಾಹೇಬರು ಎರಡೂ ಯಂತ್ರಗಳ ತಂತಿಗಳನ್ನು ಕಿತ್ತು, ಅವನ್ನು ಕೈಯಲ್ಲೇ ಹಿಡಿದುಕೊಂಡು ಕೋಣೆಯ ಬಾಗಿಲು ತಟ್ಟಿ, ಮುಖ ಒಳಗೆ ತೂರಿಸದೆ ನಡೆದದ್ದನ್ನು ಪಿಸುಗುಟ್ಟಿದರು. ಆಮೇಲೆ ಲ್ಯಾಪ್‌ಟಾಪಿನಿಂದ ಒಂದು ಗಂಡು ದನಿ ತೊಡಕಿಲ್ಲದೆ ಸ್ಪಷ್ಟವಾಗಿ ಕೇಳಿಬಂತು.

"ಮೇಡಂ, ನಾಲ್ಕು ಸಲ ಕಡಿದಿದೆ. ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ವಿ. ಏನು ತೊಂದರೆ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್," ಎಂದಳು ಹೆಂಡತಿ. "ಐದನೇ ಕ್ಲಾಸಿನ ಲೆಕ್ಕ. ಒಂದು ಮನೇಲಿ ಒಂದು ಟ್ಯಾಂಕು. ಹೆಂಡತಿ ತಲೆಗೆ ಸೋಪು ಹಚ್ಕೊಂಡು ಬಚ್ಚಲಲ್ಲಿ ನಿಂತಿದ್ದಾಳೆ. ಟ್ಯಾಂಕಲ್ಲಿ ನೀರೆಷ್ಟಿದೆ ಅಂತ ಅಳೆಯೋಕೆ ಗಂಡ ಹೊರಗಡೆ ಎಲ್ಲಾ ನಲ್ಲಿ ಬಿಟ್ಟು ಬಕೆಟ್ಟಿಗೆ ತುಂಬಿಸ್ತಿದ್ದಾನೆ. ಒಳಗೆ ನೀರು ಬರ್ತಿಲ್ಲ ಅಂದಾಗೆಲ್ಲ ಇನ್ನೊಂದು ಬಕೆಟ್ ತಂದು ಅಳೀತಾನೆ. ಹಾಗಾದರೆ ಹೆಂಡತಿಯ ಸ್ನಾನ ಎಷ್ಟು ಹೊತ್ತಿಗೆ ಮುಗಿಯುತ್ತೆ?"

ಮೂವರೂ ನಕ್ಕರು. ನಗು ಎಲ್ಲೂ ಕಡಿಯದೆ ಪೂರ್ತಿಯಾಗಿ ಬಂತು. ಸಂದರ್ಶನ ಇನ್ನೂ ನಲವತ್ತು ನಿಮಿಷ ನಡೆಯಿತು. ಸಾಹೇಬರು ಅಷ್ಟು ಹೊತ್ತೂ ತಂತಿಗಳನ್ನು ಹಿಡಿದುಕೊಂಡೇ ಬಾಗಿಲ ಹೊರಗೆ ನಿಂತಿದ್ದರು.

ಆಕೆ ಹೊರಗೆ ಬಂದು ನೀರು ಕುಡಿದು, ಅವರು ವಾರವಿಡೀ ತೂಗಿದ್ದನ್ನು ಒಂದೇ ಉಸಿರಿನಲ್ಲಿ ತೀರ್ಮಾನಿಸಿದಳು. "ಪಾಠ ಇರೋದು ಹಗಲು ಹೊತ್ತು, ಆಗ ಬೀದಿ ಖಾಲಿ, ಕೇಬಲ್ ಚೆನ್ನಾಗಿ ಓಡುತ್ತೆ. ಅದು ಕೈ ಕೊಟ್ರೆ ಫೋನ್ ತಂತಿ ಇರುತ್ತೆ, ನಿಧಾನ ಆದ್ರೂ ನಂಬಬಹುದು. ಎರಡೂ ಇರ್ಲಿ."

ಸಾಹೇಬರು ಅಪೀಲು ಮಾಡಲಿಲ್ಲ.

ಮುಂದಿನ ಬುಧವಾರ ಕೆಲಸ ಸಿಕ್ಕ ಕಾಗದ ಬಂತು. ಜೊತೆಗೆ ಒಂದು ನಮೂನೆ: ಮನೆಯಲ್ಲಿರುವ ಇಂಟರ್‌ನೆಟ್ಟಿನ ಬಗೆ, ವೇಗ, ಸಂಪರ್ಕಕ್ಕೆ ಅಡ್ಡಿಯಾಗಬಹುದಾದ ಕಾರಣಗಳು. ಕೆಳಗೆ, ಯಾರಾದರೂ ಸರ್ಕಾರಿ ಅಧಿಕಾರಿಯ ದೃಢೀಕರಣ. ಆಕೆ ತುಂಬಿಸಿ ತಂದು ಗಂಡನ ಮುಂದಿಟ್ಟಳು.

"ಓದಿ ನೋಡಿ ಸಹಿ ಹಾಕಿ. ನಿಮಗೆ ನೋಡದೆ ಹಾಕಿ ಅಭ್ಯಾಸ ಇಲ್ವಲ್ಲ."

ಸಾಹೇಬರು ಕನ್ನಡಕ ಏರಿಸಿ ಓದಿದರು. ಅಡ್ಡಿಯ ಕಾರಣಗಳು ಎಂಬಲ್ಲಿ ಆಕೆ ದುಂಡಗೆ ಬರೆದಿದ್ದಳು: "ಒಂದೇ ಒಂದು. ಅದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆಫೀಸಿನಲ್ಲಿರುತ್ತದೆ."

ಅವರು ಆ ಸಾಲನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

"ಯಾಕೆ, ಏನಾದ್ರೂ ತಪ್ಪಿದೆಯಾ?" ಎಂದಳು ಹೆಂಡತಿ.

"ಶನಿವಾರ ಮಧ್ಯಾಹ್ನ ಎರಡಕ್ಕೇ ಬಂದುಬಿಡ್ತೀನಿ," ಎಂದರು ಸಾಹೇಬರು. "ಅದನ್ನೂ ಸೇರಿಸು. ಆಮೇಲೆ ಸಹಿ ಹಾಕ್ತೀನಿ."